5 ಮ್ಯಾಚಿಗೆ 2 ಗೋಲು, ಮುಂದಿನ 5ಕ್ಕೆ 12: ಕಂಠೀರವದಲ್ಲಿ ಕೂತು ನೋಡಿದ ಬಿಎಫ್‌ಸಿ ಸೀಸನ್

ಸ್ಟೇಡಿಯಂಗೆ ಹೋಗಿ ಫುಟ್‌ಬಾಲ್ ನೋಡೋದು ದುಡ್ಡಿಗೆ ತಕ್ಕದ್ದಾ, ಮನೇಲಿ ಟಿವಿ ಸಾಕಲ್ವಾ ಅಂತ ನನ್ನನ್ನು ಕೇಳುವವರು ತುಂಬಾ ಜನ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾವುದೋ ಒಂದು ಪಂದ್ಯ ನೋಡಿ ಬಂದು ಬರೆದದ್ದಲ್ಲ ಇದು. 2022-23ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ನಮ್ಮ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಊರಲ್ಲಿ ಆಡಿದ 10 ಲೀಗ್ ಪಂದ್ಯ, ಆಮೇಲೆ ಸೆಮಿಫೈನಲ್‌ಗೆ ಹೋಗಲು ಆಡುವ ಒಂದು ಪ್ಲೇಆಫ್, ಒಂದು ಸೆಮಿಫೈನಲ್, ಇಷ್ಟನ್ನೂ ಕಂಠೀರವ ಸ್ಟೇಡಿಯಂನಲ್ಲಿ ಕೂತು ನೋಡಿದ್ದೇನೆ. ಹೊರಗಿನ ಪಂದ್ಯಗಳನ್ನು ಟಿವಿಯಲ್ಲಿ ನೋಡಿದೆ.

ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ 4. ಡಿಸೆಂಬರ್‌ನಲ್ಲಿ ಕೇಳಿದ್ದರೆ 2 ಕೊಡುತ್ತಿದ್ದೆ. ಮಾರ್ಚ್ 12ರ ರಾತ್ರಿ ಕೇಳಿದ್ದರೆ 10 ಕೊಡುತ್ತಿದ್ದೆ.

ನಾನು ಒಬ್ಬನೇ ಹೋಗುವವನಲ್ಲ. ಜೊತೆಗೆ ನಮ್ಮ ಚಿಕ್ಕಪ್ಪ ಇರುತ್ತಾರೆ. ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು, ಮನೆ ಈಗಲೂ ದೂರವಾಣಿ ನಗರದ ಕಡೆಯೇ. ಅವರ ಕಾಲದಲ್ಲಿ ಐಟಿಐ ಟೀಮ್ ಅಂದರೆ ಊರಲ್ಲಿ ದೊಡ್ಡ ಹೆಸರು, ಎಚ್‌ಎಎಲ್ ಜೊತೆ ಮ್ಯಾಚ್ ಇದ್ದರೆ ಶಿಫ್ಟ್ ಮುಗಿಸಿ ಸೀದಾ ಅಶೋಕ ನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋಗಿ ನಿಲ್ಲುತ್ತಿದ್ದರಂತೆ. 1948ರ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಎಸ್. ರಾಮನ್ ನಮ್ಮ ಬೆಂಗಳೂರಿನವರು, ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ಮೆರೆದ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು ಅನ್ನೋದನ್ನು ಅವರ ಬಾಯಲ್ಲೇ ನಾನು ಮೊದಲು ಕೇಳಿದ್ದು. ಕ್ರಿಕೆಟ್ ಊರು ಅಂತ ಎಲ್ಲರೂ ಹೇಳುವ ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಕೇಳಿ ನೋಡಿ.

ಈ ಸೀಸನ್ ಯಾಕೆ ಮುಖ್ಯ ಅಂದರೆ, ಅದಕ್ಕೂ ಹಿಂದಿನ ಎರಡು ಸೀಸನ್‌ಗಳಲ್ಲಿ ನಮಗೆ ಸ್ಟೇಡಿಯಂ ಇರಲೇ ಇಲ್ಲ. ಕೊರೊನಾ ಕಾರಣಕ್ಕೆ ಇಡೀ ಲೀಗ್ ಗೋವಾದಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ನಡೆಯಿತು. ಆ ಎರಡು ವರ್ಷ ಬಿಎಫ್‌ಸಿ 7ನೇ ಸ್ಥಾನ, 6ನೇ ಸ್ಥಾನ. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಆಗಿ, 2019ರಲ್ಲಿ ಐಎಸ್‌ಎಲ್ ಗೆದ್ದ ತಂಡ ಅದು. ಆ ತಂಡ ಖಾಲಿ ಕುರ್ಚಿಗಳ ಮುಂದೆ ಸೋಲುವುದನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದೆವು. ಕಂಠೀರವದಲ್ಲಿ ಅದಕ್ಕೂ ಮುಂಚೆ ನಾವು ನೋಡಿದ ಕೊನೆಯ ಐಎಸ್‌ಎಲ್ ಪಂದ್ಯ 2020ರ ಮಾರ್ಚ್‌ನ ಸೆಮಿಫೈನಲ್, ಎಟಿಕೆ ವಿರುದ್ಧ. 2022ರ ಅಕ್ಟೋಬರ್‌ಗೆ ಗೇಟು ತೆರೆದಾಗ ಎರಡೂವರೆ ವರ್ಷ ಆಗಿತ್ತು.

ಅದೂ ಅಲ್ಲದೆ ನಿರೀಕ್ಷೆ ಜಾಸ್ತಿ ಇತ್ತು. ಸೆಪ್ಟೆಂಬರ್ 18ಕ್ಕೆ ಕೋಲ್ಕತ್ತಾದಲ್ಲಿ ಮುಂಬೈ ಸಿಟಿಯನ್ನು 2-1ರಲ್ಲಿ ಸೋಲಿಸಿ ಡುರಾಂಡ್ ಕಪ್ ಗೆದ್ದು ಬಂದಿದ್ದರು. 1888ರಲ್ಲಿ ಶುರುವಾದ ಟೂರ್ನಮೆಂಟ್ ಅದು, ಏಷ್ಯಾದಲ್ಲೇ ಅತಿ ಹಳೆಯದು. ಸುನಿಲ್ ಛೆಟ್ರಿ ಕೈಯಲ್ಲಿ ಇಲ್ಲದಿದ್ದ ಕಪ್ ಅದೊಂದೇ ಅನ್ನುವ ಹಾಗಿತ್ತು. ಹೊಸ ಕೋಚ್ ಇಂಗ್ಲೆಂಡಿನ ಸೈಮನ್ ಗ್ರೇಸನ್. ಕೋಲ್ಕತ್ತಾದ ಎಟಿಕೆ ಮೋಹನ್ ಬಾಗಾನ್‌ನಿಂದ ಫಿಜಿ ದೇಶದ ರಾಯ್ ಕೃಷ್ಣ ಬಂದಿದ್ದರು, ಡಿಫೆಂಡರ್ ಸಂದೇಶ್ ಝಿಂಗನ್ ವಾಪಸ್ ಬಂದಿದ್ದರು, ಒಡಿಶಾದಿಂದ ಸ್ಪೇನಿನ ಜಾವಿ ಹೆರ್ನಾಂಡಿಸ್. ಕಾಗದದ ಮೇಲೆ ಈ ಟೀಮ್ ನೋಡಿದರೆ ಯಾರಾದರೂ ಟಿಕೆಟ್ ತೆಗೆಯುತ್ತಾರೆ. ನಾನೂ ತೆಗೆದೆ.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಕಂಠೀರವ ಊರಿನ ನಡುಮಧ್ಯೆ ಇದೆ, ಒಂದು ಕಾಲದ ಸಂಪಂಗಿ ಕೆರೆಯ ಅಂಗಳ ಅದು, ಕರಗಕ್ಕೆ ಬೇಕಾದ ಒಂದು ಸಣ್ಣ ಕೊಳ ಮಾತ್ರ ಈಗ ಪಕ್ಕದಲ್ಲಿ ಉಳಿದಿದೆ. ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಮರಗಳ ಕೆಳಗೆ ನಡೆದು ಹೋಗುವುದು ನಮ್ಮ ರೂಢಿ. ಗಾಡಿ ತರಬೇಡಿ. ಏಳೂವರೆ ಮ್ಯಾಚಿಗೆ ಆರು ಗಂಟೆಗೆ ಹೊರಟು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಮೊದಲ ಗೋಲನ್ನು ರಸ್ತೆಯಲ್ಲೇ ಫೋನಿನಲ್ಲಿ ನೋಡಿದವರು ನನಗೆ ಗೊತ್ತು.

ಇದು ಬರೀ ಫುಟ್‌ಬಾಲ್‌ಗಾಗಿ ಕಟ್ಟಿದ ಸ್ಟೇಡಿಯಂ ಅಲ್ಲ, ಅಥ್ಲೆಟಿಕ್ಸ್‌ಗೂ ಇದೇ. ಹಾಗಾಗಿ ನಮಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಕೆಳಗಿನ ಸಾಲಲ್ಲಿ ಕೂತರೆ ಆ ಕಡೆಯ ಗೋಲಿನ ಹತ್ತಿರ ಏನಾಗುತ್ತಿದೆ ಅನ್ನೋದು ಸರಿಯಾಗಿ ಗೊತ್ತಾಗುವುದಿಲ್ಲ, ಬರೀ ಕಾಲುಗಳ ಗುಂಪು ಕಾಣುತ್ತದೆ. ಮೇಲೆ ಹೋಗಿ ಕೂರಿ. ಚಿಕ್ಕಪ್ಪನಿಗೆ ಮೊಣಕಾಲು ನೋವು, ಮೆಟ್ಟಿಲು ಕಷ್ಟ, ಆದರೂ ಮೇಲಿನ ಸಾಲೇ ಬೇಕು ಅಂತಾರೆ. "ಕೆಳಗೆ ಕೂತರೆ ಚೆಂಡು ಕಾಣುತ್ತೆ, ಮೇಲೆ ಕೂತರೆ ಆಟ ಕಾಣುತ್ತೆ ಕಣೋ" ಅನ್ನೋದು ಅವರ ಮಾತು. ಟಿವಿಗೂ ಸ್ಟೇಡಿಯಂಗೂ ಇರುವ ವ್ಯತ್ಯಾಸವೂ ಅದೇ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಚೆಂಡು ಇಲ್ಲದ ಕಡೆ ರೋಷನ್ ಸಿಂಗ್ ಎಡಗಡೆ ಗೆರೆ ಹಿಡಿದು ಮೇಲೆ ಬರುತ್ತಿರುವುದು, ಝಿಂಗನ್ ಕೈ ಬೀಸಿ ಹಿಂದಿನವರನ್ನೆಲ್ಲ ಮುಂದೆ ತಳ್ಳುತ್ತಿರುವುದು, ಇವೆಲ್ಲ ಕಾಣಬೇಕಾದರೆ ಅಲ್ಲೇ ಇರಬೇಕು.

ಕೂಗಾಟ ಬೇಕು ಅನ್ನುವವರು ಬಿಎಫ್‌ಸಿ ಅಭಿಮಾನಿಗಳ ಗುಂಪು ವೆಸ್ಟ್ ಬ್ಲಾಕ್ ಬ್ಲೂಸ್ ಇರುವ ಕಡೆ ಟಿಕೆಟ್ ತೆಗೆದುಕೊಳ್ಳಿ. ಅಲ್ಲಿ ಕುರ್ಚಿ ಇದೆ, ಆದರೆ ಯಾರೂ ಕೂರುವುದಿಲ್ಲ. ತೊಂಬತ್ತು ನಿಮಿಷವೂ ಡ್ರಮ್ಮು, ಹಾಡು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಬೇರೆ ಸ್ಟ್ಯಾಂಡ್ ನೋಡಿ.

ಈಗ ಆಟಕ್ಕೆ ಬರೋಣ.

ಅಕ್ಟೋಬರ್ 8, ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಮೊದಲ ಪಂದ್ಯ. ಇನ್ನೇನು ಡ್ರಾ ಅಂದುಕೊಂಡು ಜನ ಎದ್ದು ನಿಲ್ಲುವ ಹೊತ್ತಿಗೆ ಬ್ರೆಜಿಲ್‌ನ ಅಲನ್ ಕೋಸ್ಟಾ ತಲೆಯಿಂದ ಹೊಡೆದ ಗೋಲು. 1-0. ಎರಡೂವರೆ ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದ ಕೂಗೆಲ್ಲ ಒಂದೇ ಸಲ ಹೊರಗೆ ಬಂತು. ಗುರುತಿಲ್ಲದವರೆಲ್ಲ ತಬ್ಬಿಕೊಂಡರು. ಚೆನ್ನಾಗಿ ಆಡಿ ಗೆದ್ದ ಪಂದ್ಯವಲ್ಲ ಅದು, ಆದರೆ ಆ ರಾತ್ರಿ ಅದನ್ನೆಲ್ಲ ಯಾರು ನೋಡುತ್ತಾರೆ?

ಆಮೇಲೆ ಶುರುವಾಯಿತು. ಚೆನ್ನೈನಲ್ಲಿ 1-1. ಹೈದರಾಬಾದ್‌ನಲ್ಲಿ 0-1. ಒಡಿಶಾದಲ್ಲಿ 0-1. ನವೆಂಬರ್‌ನಲ್ಲಿ ಊರಿಗೆ ಈಸ್ಟ್ ಬೆಂಗಾಲ್ ಬಂತು, ಮತ್ತೆ 0-1, ಅದೂ ನಮ್ಮಲ್ಲೇ ಆಡಿ ಹೋದ ಕ್ಲೇಟನ್ ಸಿಲ್ವಾ ಕಾಲಿಂದ. ಮುಂದಿನ ವಾರ ಮುಂಬೈನಲ್ಲಿ 0-4. ಆ ಪಂದ್ಯವನ್ನು ಟಿವಿಯಲ್ಲಿ ಪೂರ್ತಿ ನೋಡಲಾಗಲಿಲ್ಲ, ಮೂರನೇ ಗೋಲಿಗೆ ಚಿಕ್ಕಪ್ಪ ಫೋನ್ ಮಾಡಿ "ಊಟ ಆಯ್ತಾ" ಅಂತ ಕೇಳಿದರು, ಆಟದ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ. ಗೋವಾಕ್ಕೆ ಹೋಗಿ 2-0 ಗೆದ್ದು ಸ್ವಲ್ಪ ಉಸಿರು ಬಂತು ಅನ್ನುವಷ್ಟರಲ್ಲಿ ಡಿಸೆಂಬರ್ ಮೊದಲ ವಾರ ಕಂಠೀರವದಲ್ಲಿ ಎಟಿಕೆ ಮೋಹನ್ ಬಾಗಾನ್ ಕೈಲಿ 0-1. ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಕೈಲಿ 2-3. ಜಮ್‌ಶೆಡ್‌ಪುರದ ಮೇಲೆ ಹೇಗೋ 1-0. ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ಹೈದರಾಬಾದ್ ಬಂದು ನಮ್ಮ ಊರಲ್ಲೇ 3-0 ಬಾರಿಸಿ ಹೋಯಿತು.

ಲೆಕ್ಕ ಹಾಕಿ ನೋಡಿ. ಊರಲ್ಲಿ ಮೊದಲ 5 ಪಂದ್ಯ, ನಮ್ಮವರು ಹೊಡೆದದ್ದು ಬರೀ 2 ಗೋಲು. ಟಿಕೆಟ್ ದುಡ್ಡು, ಮೆಟ್ರೋ ದುಡ್ಡು, ಶುಕ್ರವಾರ ಸಂಜೆ ಆಫೀಸಿನಿಂದ ಬೇಗ ಹೊರಡಲು ಮಾಡಿದ ಅಡ್ಜಸ್ಟ್‌ಮೆಂಟು, ಎಲ್ಲ ಸೇರಿ 2 ಗೋಲಿಗೆ. ಹೈದರಾಬಾದ್ ಪಂದ್ಯದಲ್ಲಿ ಮೂರನೇ ಗೋಲಾದ ಮೇಲೆ ನಮ್ಮ ಸುತ್ತಮುತ್ತ ಸಾಲು ಸಾಲೇ ಖಾಲಿ ಆಯಿತು. ನಾನೂ ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಚಿಕ್ಕಪ್ಪ ಏಳಲಿಲ್ಲ. "ಪೂರ್ತಿ ನೋಡೋಣ ಕೂತ್ಕೋ" ಅಂದರು. ಕೂತೆ. ಮ್ಯಾಚ್ ಮುಗಿದ ಮೇಲೆ ಆಟಗಾರರು ನಮ್ಮ ಕಡೆ ಬಂದು ತಲೆ ತಗ್ಗಿಸಿ ನಿಂತರು, ಉಳಿದಿದ್ದವರು ಚಪ್ಪಾಳೆ ತಟ್ಟಿದರು. ಆವತ್ತು ಆ ಚಪ್ಪಾಳೆ ನನಗೆ ಅರ್ಥ ಆಗಲಿಲ್ಲ, ಸಿಟ್ಟೇ ಬಂತು.

ವರ್ಷದ ಕೊನೆಗೆ ಕೋಲ್ಕತ್ತಾದಲ್ಲಿ ಮತ್ತೆ ಕ್ಲೇಟನ್, ಮತ್ತೆ ಸೋಲು, 1-2. 12 ಪಂದ್ಯ, 3 ಗೆಲುವು, 1 ಡ್ರಾ, 8 ಸೋಲು. 10 ಪಾಯಿಂಟ್. ಹೊಡೆದ ಗೋಲು 8, ತಿಂದದ್ದು 17.

ಏನು ತಪ್ಪಾಗುತ್ತಿತ್ತು ಅನ್ನೋದು ಮೇಲಿನ ಸಾಲಿಂದ ಚೆನ್ನಾಗಿ ಕಾಣುತ್ತಿತ್ತು. ಹಿಂದೆ ಮೂರು ಜನ ಡಿಫೆಂಡರ್‌ಗಳು, ಮುಂದೆ ಇಬ್ಬರು, ಛೆಟ್ರಿ ಮತ್ತು ರಾಯ್ ಕೃಷ್ಣ. ಇಬ್ಬರೂ ದೊಡ್ಡ ಆಟಗಾರರು. ಆದರೆ ಇಬ್ಬರೂ ಚೆಂಡು ಕಾಲಿಗೆ ಬರಲಿ ಅಂತ ಹಿಂದಕ್ಕೆ ಬರುತ್ತಿದ್ದರು. ಎದುರಾಳಿ ಡಿಫೆಂಡರ್‌ಗಳ ಬೆನ್ನ ಹಿಂದೆ ಓಡುವವರು ಯಾರೂ ಇರಲಿಲ್ಲ. ಹಾಗಾಗಿ ಅವರು ಆರಾಮಾಗಿ ಮೇಲೆ ಬಂದು ನಿಂತು ನಮ್ಮ ಮಿಡ್‌ಫೀಲ್ಡ್ ಅನ್ನು ಒತ್ತಿ ಹಿಡಿಯುತ್ತಿದ್ದರು. ಚೆಂಡು ಮಿಡ್‌ಫೀಲ್ಡರ್ ಸುರೇಶ್ ಹತ್ತಿರ ಬರುವುದು, ಸುರೇಶ್ ತಿರುಗಿ ನೋಡುವುದು, ಮುಂದೆ ಯಾರೂ ಇಲ್ಲ, ಹಿಂದಕ್ಕೆ ಪಾಸು. ಇದು ನನ್ನ ಅನಿಸಿಕೆ, ಕೋಚ್ ಲೆಕ್ಕಾಚಾರ ಬೇರೆ ಇರಬಹುದು.

ಜನವರಿ ಹೊತ್ತಿಗೆ ಗ್ರೇಸನ್ ಮಾಡಿದ ಕೆಲಸಕ್ಕೆ ಧೈರ್ಯ ಬೇಕು. ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದರು. 38 ವರ್ಷದ, ಭಾರತದ ಅತಿ ಹೆಚ್ಚು ಗೋಲುಗಳ, ಈ ಕ್ಲಬ್ಬಿನ ಮೊದಲ ದಿನದಿಂದ ಇರುವ ನಾಯಕನನ್ನು. ಅವರ ಜಾಗಕ್ಕೆ ಬಂದದ್ದು ಶಿವಶಕ್ತಿ ನಾರಾಯಣನ್, ತಮಿಳುನಾಡಿನ 21 ವರ್ಷದ ಹುಡುಗ. ಡುರಾಂಡ್ ಫೈನಲ್‌ನಲ್ಲಿ ಮೊದಲ ಗೋಲು ಹೊಡೆದವನು. ಇವನು ಚೆಂಡಿಗಾಗಿ ಕಾಯುವವನಲ್ಲ, ಓಡುವವನು. ಹತ್ತು ಸಲ ಓಡಿ ಒಂಬತ್ತು ಸಲ ಪಾಸು ಬರದಿದ್ದರೂ ಹನ್ನೊಂದನೇ ಸಲ ಓಡುತ್ತಾನೆ. ಅವನು ಓಡಿದ ಹಾಗೆಲ್ಲ ಎದುರಾಳಿ ಡಿಫೆಂಡರ್‌ಗಳು ಹಿಂದೆ ಸರಿಯಬೇಕಾಯಿತು, ಮಧ್ಯದಲ್ಲಿ ಜಾವಿಗೆ ಜಾಗ ಸಿಕ್ಕಿತು, ರೋಹಿತ್ ಕುಮಾರ್, ಸುರೇಶ್, ಬ್ರೂನೋ ಎಲ್ಲರೂ ಮುಂದೆ ನೋಡಿ ಆಡತೊಡಗಿದರು. ಒಬ್ಬ ಹುಡುಗನ ಓಟದಿಂದ ಇಡೀ ತಂಡ ಹತ್ತು ಗಜ ಮುಂದೆ ಬಂತು. ಆ ಸೀಸನ್ನಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವನಿಗೇ ಸಿಕ್ಕಿತು, ಸಿಗಲೇಬೇಕಿತ್ತು.

ಗುವಾಹಟಿಯಲ್ಲಿ 2-1. ಆಮೇಲೆ ಜನವರಿ 14, ಸಂಕ್ರಾಂತಿಯ ಹಿಂದಿನ ದಿನ, ಊರಲ್ಲಿ ಒಡಿಶಾ ವಿರುದ್ಧ. ಚಿಕ್ಕಮ್ಮ ಎಳ್ಳು ಬೆಲ್ಲದ ಸಣ್ಣ ಪೊಟ್ಟಣ ಕಟ್ಟಿ ಕಳಿಸಿದ್ದರು. ಹಾಫ್‌ಟೈಮ್‌ನಲ್ಲಿ ಚಿಕ್ಕಪ್ಪ ಅದನ್ನು ಬಿಚ್ಚಿ ಅಕ್ಕಪಕ್ಕದವರಿಗೆಲ್ಲ ಹಂಚಿದರು. ನವೆಂಬರ್‌ನಿಂದ ಆ ಸಾಲಲ್ಲಿ ಒಬ್ಬರನ್ನೊಬ್ಬರು ನೋಡಿ ನಿಟ್ಟುಸಿರು ಬಿಡುತ್ತಿದ್ದ ಮುಖಗಳು ಅವು. ಹಿಂದಿನ ಸಾಲಿನ ಹುಡುಗಿಯೊಬ್ಬಳು "ಅಂಕಲ್, ಇವತ್ತು ರೆಫ್ರಿ ಬಗ್ಗೆನೂ ಒಳ್ಳೆ ಮಾತೇ ಆಡಬೇಕಾ" ಅಂತ ಕೇಳಿದಳು. 3-1 ಗೆದ್ದೆವು, ಹಾಗಾಗಿ ಆ ಕಷ್ಟ ಬರಲಿಲ್ಲ.

ಜಮ್‌ಶೆಡ್‌ಪುರದಲ್ಲಿ 3-0. ಊರಲ್ಲಿ ಚೆನ್ನೈಯಿನ್ ಎಫ್‌ಸಿ ಮೇಲೆ 3-1. ಕೋಲ್ಕತ್ತಾಕ್ಕೆ ಹೋಗಿ ಮೋಹನ್ ಬಾಗಾನ್ ಮೇಲೆ 2-1, ರಾಯ್ ಕೃಷ್ಣ ತನ್ನ ಹಳೇ ಕ್ಲಬ್ ಮೇಲೆ ಗೋಲು ಹೊಡೆದದ್ದು ಆವತ್ತು. ಈಗ ಆಫೀಸಿನಲ್ಲಿ ಜನ ತಾವಾಗಿ ಕೇಳತೊಡಗಿದರು, ಟಿಕೆಟ್ ಇದ್ಯಾ ಅಂತ.

ಫೆಬ್ರವರಿ 11, ಶನಿವಾರ, ಕೇರಳ ಬ್ಲಾಸ್ಟರ್ಸ್. ಈ ಪಂದ್ಯದ ಟಿಕೆಟ್ ಬಗ್ಗೆ ಒಂದು ಎಚ್ಚರಿಕೆ. ಕೊನೇ ಗಳಿಗೆಗೆ ಬಿಡಬೇಡಿ. ತಂಗಿಯ ಗಂಡನಿಗೆ ಅಂತ ಮೂರನೇ ಟಿಕೆಟ್ ತೆಗೆಯಲು ಹೋಗಿ ಒಂದು ಆಪ್‌ನಲ್ಲಿ ದುಡ್ಡು ಕಟ್ ಆಯಿತು, ಟಿಕೆಟ್ ಬರಲಿಲ್ಲ, ಆರು ದಿನ ಆದ ಮೇಲೆ ದುಡ್ಡು ವಾಪಸ್ ಬಂತು. ಅವರು ಮನೆಯಲ್ಲೇ ನೋಡಬೇಕಾಯಿತು. ಅಷ್ಟು ಬೇಡಿಕೆ. ಬೆಂಗಳೂರಿನಲ್ಲಿರುವ ಮಲಯಾಳಿಗಳು, ಕೇರಳದಿಂದ ರಾತ್ರಿ ಬಸ್ ಹತ್ತಿ ಬಂದವರು, ಒಂದು ಕಡೆ ಪೂರ್ತಿ ಹಳದಿ. ನನ್ನ ಪಕ್ಕದ ಡೆಸ್ಕಿನ ತ್ರಿಶ್ಶೂರಿನ ಗೆಳೆಯನೂ ಆ ಹಳದಿಯಲ್ಲಿ ಎಲ್ಲೋ ಇದ್ದ. ಅವರ ಸದ್ದು ನಿಜಕ್ಕೂ ಜೋರು, ಒಪ್ಪಿಕೊಳ್ಳಬೇಕು. ರಾಯ್ ಕೃಷ್ಣ ಮೊದಲಾರ್ಧದಲ್ಲಿ ಗೋಲು ಹೊಡೆದಾಗ ಆ ಹಳದಿ ಭಾಗ ಒಂದು ಕ್ಷಣ ಸ್ವಿಚ್ ಆಫ್ ಮಾಡಿದ ಹಾಗೆ ನಿಶ್ಶಬ್ದವಾಯಿತು. ಆಮೇಲೆ ಮತ್ತೆ ಶುರು. 1-0.

ನಾಲ್ಕೇ ದಿನಕ್ಕೆ ಮುಂಬೈ ಸಿಟಿ. ಆ ಹೊತ್ತಿಗೆ ಅವರು ಲೀಗ್ ಪಟ್ಟಿಯ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್ ಗೆದ್ದಾಗಿತ್ತು, 18 ಪಂದ್ಯ ಒಂದೂ ಸೋತಿರಲಿಲ್ಲ. ನವೆಂಬರ್‌ನಲ್ಲಿ ನಮಗೆ ನಾಲ್ಕು ಹೊಡೆದವರು. ಬುಧವಾರ ಆದ್ದರಿಂದ ಜನ ಸ್ವಲ್ಪ ಕಡಿಮೆ. ಬಾರದವರು ಕಳೆದುಕೊಂಡರು ಅಂತಲೇ ಹೇಳುತ್ತೇನೆ. ಛೆಟ್ರಿ ಒಂದು, ಜಾವಿ ಒಂದು, 2-1. ಅವರ ಓಟ ಕಂಠೀರವದಲ್ಲೇ ನಿಂತಿತು. ನನ್ನ ಪ್ರಕಾರ ಆ 10 ಲೀಗ್ ಪಂದ್ಯಗಳಲ್ಲಿ ಅತಿ ಒಳ್ಳೆಯ ಆಟ ಅದೇ. ಕೊನೆಗೆ ಗೋವಾ ಮೇಲೆ 3-1, ಶಿವಶಕ್ತಿ ಎರಡು, ಜನವರಿಯಲ್ಲಿ ಸೇರಿದ ಪಾಬ್ಲೋ ಪೆರೆಜ್ ಒಂದು.

ಸತತ 8 ಗೆಲುವು. 8 ಪಂದ್ಯದಲ್ಲಿ 19 ಗೋಲು, ತಿಂದದ್ದು 6. ಊರಿನ ಕೊನೆಯ 5 ಪಂದ್ಯದಲ್ಲೇ 12 ಗೋಲು. 10 ಪಾಯಿಂಟ್‌ನಲ್ಲಿದ್ದವರು 34ಕ್ಕೆ ಬಂದು ನಾಲ್ಕನೇ ಸ್ಥಾನದಲ್ಲಿ ನಿಂತರು. ಜನವರಿಯಿಂದ ನೋಡಲು ಶುರು ಮಾಡಿದ ಗೆಳೆಯರು "ಸೂಪರ್ ಟೀಮ್ ಮಗಾ" ಅಂದರು. ಅವರಿಗೂ ಖುಷಿಯಾಗಿತ್ತು. ಆದರೆ ಗೋವಾ ಪಂದ್ಯ ಮುಗಿದು ಆಟಗಾರರು ನಮ್ಮ ಕಡೆ ಬಂದಾಗ, ಚಿಕ್ಕಪ್ಪ ಆ ಮೊಣಕಾಲಲ್ಲೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದುದನ್ನು ನೋಡಿದಾಗ, ಹೈದರಾಬಾದ್ ಪಂದ್ಯದ ದಿನ ಅವರು ಏಳದೆ ಕೂತಿದ್ದು ನೆನಪಾಯಿತು. ಆ ದಿನದ ಚಪ್ಪಾಳೆ ಆಗ ಅರ್ಥವಾಯಿತು. ಈ ರಿವ್ಯೂನಲ್ಲಿ ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಇದೇ. ಒಂದೆರಡು ಒಳ್ಳೆ ಪಂದ್ಯ ಆರಿಸಿಕೊಂಡು ಹೋಗಬೇಡಿ, ಆಗುವುದಾದರೆ ಪೂರ್ತಿ ಸೀಸನ್ ನೋಡಿ.

ಮಾರ್ಚ್ 3ರ ಪ್ಲೇಆಫ್ ಬಗ್ಗೆ ಎಲ್ಲರಿಗೂ ಗೊತ್ತು. ಮತ್ತೆ ಬ್ಲಾಸ್ಟರ್ಸ್, ಮತ್ತೆ ಹಳದಿ ಗೋಡೆ. 90 ನಿಮಿಷ 0-0. ಹೆಚ್ಚುವರಿ ಆಟದಲ್ಲಿ ನಮಗೆ ಫ್ರೀ ಕಿಕ್. ಬೆಂಚಿನಿಂದ ಬಂದಿದ್ದ ಛೆಟ್ರಿ ಚೆಂಡಿನ ಹತ್ತಿರ ನಿಂತಿದ್ದರು, ಬ್ಲಾಸ್ಟರ್ಸ್ ಗೋಲ್‌ಕೀಪರ್ ತನ್ನ ಆಟಗಾರರ ಗೋಡೆ ನಿಲ್ಲಿಸಲು ಆ ಕಡೆ ಹೋಗಿದ್ದ, ಛೆಟ್ರಿ ಸುಮ್ನೆ ಎತ್ತಿ ಒಳಗೆ ಹಾಕಿಬಿಟ್ಟರು. ನಮ್ಮ ಸಾಲಲ್ಲಿ ಅರ್ಧ ಜನ ನೋಡಿರಲೇ ಇಲ್ಲ, ನೀರು ಕುಡಿಯುತ್ತಿದ್ದರು. ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಕರೆದುಕೊಂಡು ಹೊರಗೆ ಹೋದರು, ವಾಪಸ್ ಬರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗೋಲು ಸರಿಯಾದದ್ದೇ. ಗೋಡೆಗೆ ಕಾಯಲೇಬೇಕು ಅಂತ ನಿಯಮ ಇಲ್ಲ, ರೆಫ್ರಿ ಸೀಟಿಗೆ ಕಾಯಿರಿ ಅಂತ ಹೇಳದಿದ್ದರೆ ತಕ್ಷಣ ಹೊಡೆಯಬಹುದು. ಆದರೆ ನೋಡಲು ಬಂದವನಿಗೆ ಅದು ಅರ್ಧ ಊಟಕ್ಕೆ ಎಲೆ ಎತ್ತಿದ ಹಾಗಾಯಿತು. ಅಷ್ಟು ಹೊತ್ತು ಖಾಲಿ ಮೈದಾನ ನೋಡುತ್ತಾ ನಿಂತು, ಕೊನೆಗೆ ನೀವೇ ಗೆದ್ದಿರಿ ಅಂದರೆ ಹೇಗೆ ಕುಣಿಯುವುದು? ಆಮೇಲೆ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ ಬಿತ್ತು. ತ್ರಿಶ್ಶೂರಿನ ಗೆಳೆಯ ಸೋಮವಾರ ನನ್ನ ಹತ್ತಿರ ಕಾಫಿಗೆ ಬರಲಿಲ್ಲ. ಮಂಗಳವಾರ ಬಂದ.

ಮಾರನೇ ದಿನ, ಮಾರ್ಚ್ 4ಕ್ಕೆ, ಇನ್ನೊಂದು ಸುದ್ದಿ. ರಿಯಾದ್‌ನಲ್ಲಿ ನಡೆದ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿತು. 1968-69ರಲ್ಲಿ ಮೈಸೂರು ರಾಜ್ಯದ ಹೆಸರಲ್ಲಿ ಗೆದ್ದದ್ದೇ ಕೊನೆ, 54 ವರ್ಷ ಆಗಿತ್ತು. ಪೇಪರು, ಫೋನು ಎಲ್ಲ ಕಡೆ ಫ್ರೀ ಕಿಕ್ ಜಗಳವೇ ತುಂಬಿತ್ತು, ಈ ಹುಡುಗರಿಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ. ಚಿಕ್ಕಪ್ಪನಿಗೆ ಮಾತ್ರ ಇದೇ ದೊಡ್ಡ ಸುದ್ದಿ. ಫೋನಿನಲ್ಲಿ ಅವರ ಗಂಟಲು ಕಟ್ಟಿತ್ತು. ಹಿಂದಿನ ಸಲ ಗೆದ್ದಾಗ ಅವರು ಹೈಸ್ಕೂಲ್ ಹುಡುಗ.

ಸೆಮಿಫೈನಲ್ ಮುಂಬೈ ಜೊತೆ, ಎರಡು ಪಂದ್ಯಗಳ ಗೋಲು ಸೇರಿಸಿ ಲೆಕ್ಕ. ಅಲ್ಲಿ ಹೋಗಿ 1-0 ಗೆದ್ದು ಬಂದರು, ಗೋಲು ಮತ್ತೆ ಬೆಂಚಿನಿಂದ ಬಂದ ಛೆಟ್ರಿಯದೇ, ಕಾರ್ನರ್‌ನಿಂದ ತಲೆಯಲ್ಲಿ. ಎರಡನೇ ಪಂದ್ಯ ಮಾರ್ಚ್ 12, ಭಾನುವಾರ, ಕಂಠೀರವ. ನಾನು ನೋಡಿದ ಎಲ್ಲ ಆಟಗಳಲ್ಲಿ, ಕ್ರಿಕೆಟ್ ಸೇರಿಸಿ ಹೇಳುತ್ತೇನೆ, ಇಂಥ ರಾತ್ರಿ ಇನ್ನೊಂದಿಲ್ಲ.

ಶುರುವಾಗಿ ಹತ್ತು ನಿಮಿಷ ಆಗುವ ಮೊದಲೇ ಮುಂಬೈಗೆ ಪೆನಾಲ್ಟಿ. ಗ್ರೆಗ್ ಸ್ಟೀವರ್ಟ್ ಹೊಡೆದದ್ದನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ತಡೆದರು. ಆಮೇಲೆ ಜಾವಿ ಗೋಲು, ಒಟ್ಟು ಲೆಕ್ಕದಲ್ಲಿ ನಾವು 2-0 ಮುಂದೆ. ಅಲ್ಲಿಗೆ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ಬಿಪಿನ್ ಸಿಂಗ್ ಒಂದು ವಾಪಸ್ ಹೊಡೆದ. ಎರಡನೇ ಅರ್ಧದಲ್ಲಿ ಕಾರ್ನರ್‌ನಿಂದ ಮೆಹ್ತಾಬ್ ಸಿಂಗ್ ಇನ್ನೊಂದು. 2-2. ಹೆಚ್ಚುವರಿ 30 ನಿಮಿಷವೂ ಹೀಗೇ ಕಳೆಯಿತು, ಎರಡೂ ಕಡೆ ಕಾಲು ಸೋತು ಹೋಗಿತ್ತು. ಪೆನಾಲ್ಟಿ ಶೂಟೌಟ್.

ಒಬ್ಬರಾದ ಮೇಲೊಬ್ಬರು ಗೋಲು ಹೊಡೆಯುತ್ತಲೇ ಹೋದರು. ಐದಾಯಿತು, ಆರಾಯಿತು, ಏಳಾಯಿತು, ಎಂಟೂ ಆಯಿತು, ಯಾರೂ ತಪ್ಪುತ್ತಿಲ್ಲ. ನನ್ನ ಕೈ ಒದ್ದೆ. ಮುಂದಿನ ಸಾಲಿನಲ್ಲಿ ಒಬ್ಬ ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಾನು ಕಣ್ಣು ಮುಚ್ಚಿ ನಿಂತಿದ್ದ, ಮಗಳು ಪ್ರತಿ ಸಲ "ಹೋಯ್ತು ಅಪ್ಪಾ, ಗೋಲು" ಅಂತ ಹೇಳುತ್ತಿದ್ದಳು. ಒಂಬತ್ತನೆಯದು ಮೆಹ್ತಾಬ್. ಅದೇ ಮೆಹ್ತಾಬ್, ಆಟದಲ್ಲಿ ಸಮ ಮಾಡಿದವನು. ಗುರ್‌ಪ್ರೀತ್ ತಡೆದರು. ಆಮೇಲೆ ಝಿಂಗನ್ ನಡೆದು ಬಂದರು. ಡಿಸೆಂಬರ್‌ನಲ್ಲಿ ಒಬ್ಬೊಬ್ಬರೂ ಬೈದಿದ್ದ ಅದೇ ಡಿಫೆನ್ಸಿನ ಝಿಂಗನ್. ಹೊಡೆದರು. 9-8.

ಆಮೇಲೆ ಏನಾಯಿತು ಅಂತ ಸರಿಯಾಗಿ ಹೇಳಲು ಬರುವುದಿಲ್ಲ. ಚಿಕ್ಕಪ್ಪ ನನ್ನ ತೋಳು ಹಿಡಿದಿದ್ದು ಗೊತ್ತು, ಮಾರನೇ ದಿನ ಅಲ್ಲಿ ನೀಲಿ ಗುರುತು ಇತ್ತು. ಹಿಂದಿನ ಸಾಲಿನ ಎಳ್ಳು ಬೆಲ್ಲದ ಹುಡುಗಿ ಅಳುತ್ತಿದ್ದಳು. ಸ್ಟೇಡಿಯಂ ಹೊರಗೆ ಚುರುಮುರಿ ಮಾರುವವನು "ಯಾರು ಸಾರ್ ಗೆದ್ದಿದ್ದು" ಅಂತ ಕೇಳಲೂ ಇಲ್ಲ, ಖಾರ ಜಾಸ್ತಿ ಹಾಕಿ ಕೊಟ್ಟ.

ಫೈನಲ್ ಮಾರ್ಚ್ 18ಕ್ಕೆ ಗೋವಾದ ಫತೋರ್ಡಾದಲ್ಲಿ, ಎಟಿಕೆ ಮೋಹನ್ ಬಾಗಾನ್ ಜೊತೆ. ಅಲ್ಲಿಗೆ ಹೋಗಲಾಗಲಿಲ್ಲ, ದೂರವಾಣಿ ನಗರದಲ್ಲಿ ಟಿವಿ ಮುಂದೆ ಕೂತೆವು. ಆಟ ಶುರುವಾಗಿ ಕೆಲವೇ ನಿಮಿಷಕ್ಕೆ ಶಿವಶಕ್ತಿಗೆ ಪೆಟ್ಟಾಯಿತು, ಅವನು ಕುಂಟುತ್ತಾ ಹೊರಗೆ ಹೋದ, ಛೆಟ್ರಿ ಒಳಗೆ ಬಂದರು. ಆ ಹುಡುಗನ ಮುಖ ನೋಡಲಾಗಲಿಲ್ಲ. ಇನ್ನು ರಾಯ್ ಕೃಷ್ಣನ ಆವತ್ತಿನ ಆಟ ನೋಡಿ: ಅವರ ಕೈಗೆ ಚೆಂಡು ತಗುಲಿ ಎದುರಾಳಿಗೆ ಪೆನಾಲ್ಟಿ ಹೋಯಿತು, ಅವರನ್ನೇ ಕೆಡವಿದ್ದಕ್ಕೆ ನಮಗೆ ಪೆನಾಲ್ಟಿ ಬಂತು, 78ನೇ ನಿಮಿಷಕ್ಕೆ ಅವರೇ ತಲೆಯಿಂದ ಹೊಡೆದು 2-1 ಮಾಡಿದರು. ಹನ್ನೆರಡು ನಿಮಿಷ ಉಳಿದಿತ್ತು. 85ನೇ ನಿಮಿಷಕ್ಕೆ ಮತ್ತೆ ಮೋಹನ್ ಬಾಗಾನ್‌ಗೆ ಪೆನಾಲ್ಟಿ. ಆ ಫೌಲ್ ಬಾಕ್ಸಿನ ಹೊರಗೆ ಆಗಿದ್ದು ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ಇಷ್ಟು ದೊಡ್ಡ ಲೀಗ್‌ನಲ್ಲಿ ವಿಎಆರ್ (ವಿಡಿಯೋ ನೋಡಿ ರೆಫ್ರಿ ತೀರ್ಪು ಪರೀಕ್ಷಿಸುವ ವ್ಯವಸ್ಥೆ) ಇರಲಿಲ್ಲ. ಇದು ಬಿಎಫ್‌ಸಿ ಅಭಿಮಾನಿಯ ದೂರು ಅಂತ ತಳ್ಳಿಹಾಕಬೇಡಿ, ಕೇರಳದವರೂ ಅದನ್ನೇ ಕೇಳುತ್ತಿದ್ದರು. 2-2, ಶೂಟೌಟ್‌ನಲ್ಲಿ 3-4. ಬ್ರೂನೋ ಹೊಡೆದದ್ದನ್ನು ಅವರ ಗೋಲ್‌ಕೀಪರ್ ವಿಶಾಲ್ ಕೈತ್ ತಡೆದ, ಪಾಬ್ಲೋ ಹೊಡೆದದ್ದು ಮೇಲೆ ಹೋಯಿತು. ಚಿಕ್ಕಪ್ಪ ಟಿವಿ ಆಫ್ ಮಾಡಲಿಲ್ಲ, ಮೋಹನ್ ಬಾಗಾನ್‌ನವರು ಕಪ್ ಎತ್ತುವವರೆಗೂ ನೋಡಿದರು.

ಏಪ್ರಿಲ್‌ನಲ್ಲಿ ಕೋಳಿಕ್ಕೋಡ್‌ನಲ್ಲಿ ಸೂಪರ್ ಕಪ್ ಫೈನಲ್, ಒಡಿಶಾ ಕೈಲಿ 1-2. ಒಂದು ಸೀಸನ್‌ಗೆ ಮೂರು ಫೈನಲ್, ಒಂದು ಕಪ್.

ಹಾಗಾದರೆ 5ಕ್ಕೆ ಒಂದು ಮಾರ್ಕ್ಸ್ ಕಡಿಮೆ ಯಾಕೆ? ಟ್ರ್ಯಾಕಿನ ದೂರ ಒಂದು ಕಾರಣ, ಅದಕ್ಕೆ ಅರ್ಧ. ಉಳಿದ ಅರ್ಧ ನವೆಂಬರ್, ಡಿಸೆಂಬರ್ ಕಳೆಯುವವರೆಗೂ ಬದಲಾವಣೆ ಮಾಡದೆ ತಡ ಮಾಡಿದ್ದಕ್ಕೆ. ಶಿವಶಕ್ತಿ ಡುರಾಂಡ್‌ನಲ್ಲೇ ತೋರಿಸಿದ್ದ, ಅವನನ್ನು ಎರಡು ತಿಂಗಳು ಮುಂಚೆ ಆಡಿಸಿದ್ದರೆ ನಾಲ್ಕನೇ ಸ್ಥಾನದ ಬದಲು ಮೇಲಿನ ಎರಡರಲ್ಲಿ ಮುಗಿಸಿ ಸೀದಾ ಸೆಮಿಫೈನಲ್‌ಗೆ ಹೋಗಬಹುದಿತ್ತು, ಆ ಪ್ಲೇಆಫ್ ಜಗಳವೇ ಇರುತ್ತಿರಲಿಲ್ಲ.

ಗೆದ್ದರೆ ಮಾತ್ರ ಖುಷಿ ಅನ್ನುವವರು ಪೂರ್ತಿ ಸೀಸನ್‌ಗೆ ದುಡ್ಡು ಹಾಕಬೇಡಿ, ಬ್ಲಾಸ್ಟರ್ಸ್ ಪಂದ್ಯ ಒಂದು ನೋಡಿ, ಸದ್ದಿಗಾದರೂ ದುಡ್ಡು ಹುಟ್ಟುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ವಾರಾಂತ್ಯದ ಪಂದ್ಯ ಆರಿಸಿ. ಊರು ಬಿಟ್ಟು ಬಂದು ಬೆಂಗಳೂರಲ್ಲಿ ಯಾರೂ ಗೊತ್ತಿಲ್ಲ ಅನ್ನುವವರಿಗೆ ಮಾತ್ರ ನಾನು ಪೂರ್ತಿ ಸೀಸನ್ ತೆಗೆದುಕೊಳ್ಳಿ ಅಂತ ಒತ್ತಿ ಹೇಳುತ್ತೇನೆ. ಮೂರನೇ ಸೋಲಿನ ಹೊತ್ತಿಗೆ ನಿಮ್ಮ ಸಾಲಿನವರೆಲ್ಲ ಪರಿಚಯ ಆಗಿರುತ್ತಾರೆ.

ಮುಂದಿನ ಸೀಸನ್ ಟಿಕೆಟ್ ಬಿಟ್ಟ ದಿನವೇ ಎರಡು ತೆಗೆಯಬೇಕು. ಚಿಕ್ಕಪ್ಪ ಈಗಲೇ ಎರಡು ಸಲ ನೆನಪು ಮಾಡಿದ್ದಾರೆ. ಮೇಲಿನ ಸಾಲು, ಮೆಟ್ಟಿಲ ಪಕ್ಕದ ಸೀಟು.